150 ಎಎಚ್ ಅಂತ ಬರೆದ ಬ್ಯಾಟರಿಯಲ್ಲಿ ನಿಜಕ್ಕೂ ಎಷ್ಟಿತ್ತು? ಊರಿನ ಇನ್ವರ್ಟರ್ ರಿಪೇರಿ ಮಾಡಿದ ಕತೆ

ಊರಿಂದ ಅಪ್ಪನ ಫೋನು. "ಇನ್ವರ್ಟರ್ ಬ್ಯಾಟರಿ ಮುಗೀತು ಕಾಣ್ತದೆ ಮಾರಾಯ, ಒಂದು ಗಂಟೆ ಬಂದ್ರೆ ಹೆಚ್ಚು. ಅಂಗಡಿಯವರು 220 ಎಎಚ್ಚಿಂದು ಹಾಕ್ಸಿ ಅಂತಿದಾರೆ. ಹಾಕ್ಸಲಾ?"

ಊರು ಸಾಗರ ತಾಲ್ಲೂಕಿನ ಒಂದು ಹಳ್ಳಿ. ತಿಂಗಳು ಜುಲೈ. ಲೈನಿನ ಮೇಲೆ ಮರ ಬಿತ್ತು ಅಂದರೆ ಸಂಜೆ ಹೋದ ಕರೆಂಟ್ ಮಾರನೇ ದಿನ ಬಂದರೂ ಬಂತು, ಇಲ್ಲದಿದ್ದರೂ ಇಲ್ಲ. ಹಾಗಾಗಿ ಅಪ್ಪನ ಆತುರ ಅರ್ಥ ಆಗುತ್ತೆ. ಆದರೆ ಬ್ಯಾಟರಿಗೆ ನಾಲ್ಕೇ ವರ್ಷ. 12 ವೋಲ್ಟ್, 150 ಎಎಚ್ (ಆಂಪ್ ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತೆ ಅನ್ನುವ ಅಳತೆ), ಎತ್ತರದ ಟ್ಯೂಬುಲರ್ ಬ್ಯಾಟರಿ. ಇದು ಇಷ್ಟು ಬೇಗ ಸಾಯಬಾರದು. "ಒಂದು ವಾರ ತಡೀರಿ, ಅಳೆದು ನೋಡಿ ಆಮೇಲೆ ತಗೊಳ್ಳೋಣ" ಅಂದೆ.

ಶನಿವಾರ ಬೆಂಗಳೂರಿಂದ ಬರುವಾಗ ಬ್ಯಾಗಲ್ಲಿ ತಂದಿದ್ದು ಇಷ್ಟು: ಮಲ್ಟಿಮೀಟರ್, ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ (ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವಂಥದ್ದು), ಒಂದು ಹೈಡ್ರೋಮೀಟರ್ (ಬ್ಯಾಟರಿ ಆಸಿಡ್ ಎಷ್ಟು ಗಟ್ಟಿ ಅಂತ ಅಳೆಯುವಂಥದ್ದು), ಕಾರಿನ ಹೆಡ್‌ಲೈಟ್ ಬಲ್ಬು ಮೂರು. ಐದು ಲೀಟರ್ ಡಿಸ್ಟಿಲ್ಡ್ ವಾಟರ್ ಸಾಗರದಲ್ಲೇ ತಗೊಂಡೆ. ಕ್ಲ್ಯಾಂಪ್ ಮೀಟರ್ ಬಗ್ಗೆ ಒಂದು ಮಾತು. ಕಮ್ಮಿ ಬೆಲೆಯ ಕ್ಲ್ಯಾಂಪುಗಳು ಬಹಳಷ್ಟು ಎಸಿ ಕರೆಂಟ್ ಮಾತ್ರ ಅಳೆಯುತ್ತವೆ. ಹಿಂದೊಮ್ಮೆ ಅಂಥದ್ದನ್ನೇ ಬ್ಯಾಟರಿ ವೈರಿಗೆ ಹಾಕಿದ್ದೆ. ಇನ್ವರ್ಟರ್ ಎಳೆಯುವ ಕರೆಂಟಲ್ಲಿ ಸ್ವಲ್ಪ ಏರಿಳಿತ ಇರುತ್ತಲ್ಲ, ಅದನ್ನು ಹಿಡಿದು ಏನೋ ಒಂದು ಸಂಖ್ಯೆ ತೋರಿಸಿತು, ನಾನು ಅದನ್ನೇ ನಂಬಿ ಅರ್ಧ ದಿನ ಲೆಕ್ಕ ಹಾಕಿದ್ದೆ. ಮೀಟರ್ ಮೇಲೆ ಡಿಸಿ ಆಂಪ್ ಗುರುತು ಇದೆಯಾ ಅಂತ ನೋಡಿಯೇ ತಗೊಳ್ಳಿ.

ಮೊದಲು ಲೋಡ್

ಬ್ಯಾಟರಿ ಮುಟ್ಟುವ ಮೊದಲು ಇನ್ವರ್ಟರ್ ಮೇಲೆ ಏನೇನಿದೆ ಅಂತ ನೋಡಿದೆ. "ಬರೀ ಲೈಟು, ಟೀವಿ" ಅಂದರು ಅಪ್ಪ. ಮನೆ ಸುತ್ತಿದರೆ ಬೇರೆಯದೇ ಕತೆ. ಹಳೇ ಕಾಲದ 40 ವ್ಯಾಟಿನ ಟ್ಯೂಬ್‌ಲೈಟ್ ಮೂರು. ಅವುಗಳ ಕಬ್ಬಿಣದ ಚೋಕ್ ಸೇರಿದರೆ ಒಂದೊಂದು 50 ವ್ಯಾಟ್. 9 ವ್ಯಾಟಿನ ಎಲ್‌ಇಡಿ ಬಲ್ಬ್ ಐದು. ಟೀವಿ 45. ವೈಫೈ ರೂಟರ್ ಮತ್ತು ಫೈಬರ್ ಪೆಟ್ಟಿಗೆ ಸೇರಿ 15. ಅಷ್ಟರಲ್ಲಿ ಜಗುಲಿಗೆ ಬಂದರೆ ಎರಡು ಸೀಲಿಂಗ್ ಫ್ಯಾನ್ ಜೋರಾಗಿ ತಿರುಗುತ್ತಿವೆ! ಮಲೆನಾಡಿನ ಜುಲೈಯಲ್ಲಿ ಯಾರಿಗೆ ಸೆಕೆ? ಸೆಕೆ ಅಲ್ಲ, ಬಟ್ಟೆ. ಹದಿನೈದು ದಿನದಿಂದ ಬಿಸಿಲಿಲ್ಲ, ಜಗುಲಿ ತುಂಬ ಹಗ್ಗ ಕಟ್ಟಿ ಅಮ್ಮ ಬಟ್ಟೆ ಒಣಗಿಸುತ್ತಿದ್ದಾಳೆ. ಕರೆಂಟ್ ಹೋದರೂ ಫ್ಯಾನ್ ನಿಲ್ಲಲ್ಲ. ಒಂದಕ್ಕೆ 75 ವ್ಯಾಟ್, ಎರಡಕ್ಕೆ 150.

ಒಟ್ಟು 405 ವ್ಯಾಟ್.

ಮೇನ್ ಸ್ವಿಚ್ ಆಫ್ ಮಾಡಿ, ಎಲ್ಲ ಹಾಕಿ, ಬ್ಯಾಟರಿ ವೈರಿಗೆ ಕ್ಲ್ಯಾಂಪ್ ಹಾಕಿದೆ. 42 ಆಂಪ್. ಇದು ಲೆಕ್ಕಕ್ಕೆ ಕೂಡುತ್ತಾ ನೋಡೋಣ. 405 ವ್ಯಾಟನ್ನು 12 ವೋಲ್ಟಿಂದ ಭಾಗಿಸಿದರೆ 33.75 ಆಂಪ್ ಬರಬೇಕು. ಆದರೆ ಇನ್ವರ್ಟರ್ ಪುಕ್ಕಟೆ ಕೆಲಸ ಮಾಡಲ್ಲ, ತಾನೂ ಬಿಸಿಯಾಗುತ್ತೆ. ನೂರಕ್ಕೆ ಎಂಬತ್ತು ಮಾತ್ರ ಆಚೆ ಬರುತ್ತೆ ಅಂತ ಹಿಡಿದರೆ 33.75 ÷ 0.8 = 42.2. ಸರಿಯಾಗಿ ಕೂಡಿತು. ಲೋಡೆಲ್ಲ ತೆಗೆದು ಇನ್ವರ್ಟರ್ ಮಾತ್ರ ಆನ್ ಇಟ್ಟಾಗಲೂ 1.2 ಆಂಪ್ ಎಳೆಯುತ್ತಿತ್ತು. ಅಂದರೆ ಸುಮ್ನೆ ಕೂತಿರಲಿಕ್ಕೇ 15 ವ್ಯಾಟ್. ಇದನ್ನು ನೆನಪಿಡಿ, ರೂಟರ್ ವಿಷಯಕ್ಕೆ ಬೇಕಾಗುತ್ತೆ.

150 ಎಎಚ್ ಅಂದರೆ ಏನು

ಎಎಚ್ ಅಂದರೆ ಆಂಪ್ ಗುಣಿಸು ಗಂಟೆ. 150 ಎಎಚ್ ಅಂದರೆ 150 ಆಂಪನ್ನು ಒಂದು ಗಂಟೆ, 15 ಆಂಪನ್ನು ಹತ್ತು ಗಂಟೆ, 42 ಆಂಪನ್ನು ಮೂರೂವರೆ ಗಂಟೆ ಕೊಡಬೇಕು ಅಲ್ವಾ? ಅಲ್ಲ. ಅಂಗಡಿಯ ಲೆಕ್ಕ ಇನ್ನೂ ಚೆಂದ: 150 × 12 = 1800 ವ್ಯಾಟ್ ಅವರ್, ನಿಮ್ಮ ಲೋಡ್ 400, ನಾಲ್ಕೂವರೆ ಗಂಟೆ ಬರುತ್ತೆ ಸಾರ್. ಇನ್ವರ್ಟರ್ ತಿನ್ನುವುದನ್ನೂ ಅವರು ಕಳೆದಿರಲ್ಲ.

ಬ್ಯಾಟರಿಯ ಮೈಮೇಲೆ ಸಣ್ಣ ಅಕ್ಷರದಲ್ಲಿ ಸಿ20 ಅಂತ ಇರುತ್ತೆ, ಅದನ್ನು ಓದಬೇಕು. 20 ಗಂಟೆ ಹಿಡಿಯುವಷ್ಟು ನಿಧಾನವಾಗಿ ಖಾಲಿ ಮಾಡಿದರೆ ಮಾತ್ರ 150 ಎಎಚ್ ಅಂತ ಅರ್ಥ. ಅಂದರೆ 7.5 ಆಂಪ್ ಎಳೆಯುತ್ತಾ, 27 ಡಿಗ್ರಿ ಬಿಸಿಯಲ್ಲಿ, ಬ್ಯಾಟರಿ 10.5 ವೋಲ್ಟಿಗೆ ಇಳಿಯುವ ತನಕ. ನಾವು ಎಳೆಯುತ್ತಿರುವುದು ಅದರ ಐದೂವರೆ ಪಟ್ಟು. ಸೋಲಾರ್ ಬ್ಯಾಟರಿಗಳ ಮೇಲೆ ಸಾಮಾನ್ಯವಾಗಿ ಸಿ10 ಇರುತ್ತೆ. ಹಾಗಾಗಿ 150 ಸಿ10 ಬ್ಯಾಟರಿ 150 ಸಿ20ಗಿಂತ ನಿಜಕ್ಕೂ ದೊಡ್ಡದು, ಬೆಲೆ ಜಾಸ್ತಿ ಇರುವುದಕ್ಕೆ ಅದೂ ಒಂದು ಕಾರಣ.

ಜೋರಾಗಿ ಎಳೆದರೆ ಯಾಕೆ ಕಮ್ಮಿ ಬರುತ್ತೆ? ಬೇಸಿಗೆಯ ಬಾವಿ ನೋಡಿದವರಿಗೆ ಇದು ಗೊತ್ತು. ದೊಡ್ಡ ಪಂಪು ಹಚ್ಚಿದರೆ ಹತ್ತು ನಿಮಿಷದಲ್ಲಿ ತಳ ಕಾಣುತ್ತೆ, ಅರ್ಧ ಗಂಟೆ ಬಿಟ್ಟರೆ ಒರತೆಯಿಂದ ಮತ್ತೆ ನೀರು ಬಂದಿರುತ್ತೆ. ಬ್ಯಾಟರಿ ಪ್ಲೇಟಿನ ಒಳಗೆ ಸಣ್ಣ ಸಣ್ಣ ರಂಧ್ರ. ಅದರೊಳಗಿನ ಆಸಿಡ್ ಕೆಲಸ ಮಾಡಿ ನೀರಾದಂತೆ ಹೊರಗಿನ ಆಸಿಡ್ ಒಳಗೆ ಇಳಿಯಬೇಕು. ನಾವು ಎಳೆಯುವ ವೇಗಕ್ಕೆ ಅದು ಇಳಿಯಲ್ಲ. ವೋಲ್ಟ್ ಬೀಳುತ್ತೆ, ಇನ್ವರ್ಟರ್ ಕೀಂ ಅಂತ ಕೂಗಿ ಬಂದ್ ಆಗುತ್ತೆ. ಒಂದು ಗಂಟೆ ಬಿಟ್ಟು ನೋಡಿದರೆ ಬ್ಯಾಟರಿ ಮತ್ತೆ 12 ವೋಲ್ಟ್ ತೋರಿಸುತ್ತೆ. "ಇನ್ನೂ ಇದೆ, ಇನ್ವರ್ಟರೇ ಹಾಳು" ಅಂತ ಅಪ್ಪ ಎಷ್ಟೋ ಸಲ ಹೇಳಿದ್ದು ಇದಕ್ಕೇ.

ಇದಕ್ಕೆ 1897ರಲ್ಲೇ ಜರ್ಮನಿಯ ಪ್ಯೂಕರ್ಟ್ ಅನ್ನುವವರು ಒಂದು ಸೂತ್ರ ಕೊಟ್ಟಿದ್ದಾರೆ. ಮಾತಲ್ಲಿ ಹೇಳುತ್ತೇನೆ. ಬ್ಯಾಟರಿಯ ಎಎಚ್ ತಗೊಳ್ಳಿ. ನಿಮ್ಮ ಆಂಪನ್ನು 20ರಿಂದ ಗುಣಿಸಿ, ಬಂದಿದ್ದರಿಂದ ಆ ಎಎಚ್ ಭಾಗಿಸಿ. ಸಿಕ್ಕ ಸಂಖ್ಯೆಯನ್ನು 1.2ರ ಘಾತಕ್ಕೆ ಏರಿಸಿ (ಫೋನಿನ ಕ್ಯಾಲ್ಕುಲೇಟರ್ ಅಡ್ಡ ಮಾಡಿದರೆ ಆ ಬಟನ್ ಸಿಗುತ್ತೆ), ಮತ್ತೆ 20ರಿಂದ ಗುಣಿಸಿ. ಬಂದಿದ್ದು ಗಂಟೆ. ಆ 1.2 ಅನ್ನುವುದು ಬ್ಯಾಟರಿಯಿಂದ ಬ್ಯಾಟರಿಗೆ ಬದಲಾಗುತ್ತೆ. ಲೆಡ್ ಆಸಿಡ್‌ಗೆ (ನಮ್ಮದೂ ಅದೇ ಜಾತಿ) 1.1ರಿಂದ 1.3ರ ಒಳಗೆ ಇರುತ್ತೆ, ನಾನು ನಡುವಿನದ್ದು ಹಿಡಿದಿದ್ದೇನೆ. ನಮ್ಮ 42 ಆಂಪಿಗೆ: 150 ÷ 840 = 0.1786, ಅದರ 1.2ರ ಘಾತ 0.1265, ಗುಣಿಸು 20 ಅಂದರೆ 2.53. ಎರಡೂವರೆ ಗಂಟೆ. ಆಂಪಿಂದ ಗುಣಿಸಿದರೆ 106 ಎಎಚ್.

ಅಂದರೆ ಹೊಸ ಬ್ಯಾಟರಿ ಆಗಿದ್ದರೂ ಈ ಲೋಡಿಗೆ ಎರಡೂವರೆ ಗಂಟೆಗಿಂತ ಜಾಸ್ತಿ ಬರುತ್ತಿರಲಿಲ್ಲ. "ಮೊದಲು ಐದು ಗಂಟೆ ಬರ್ತಿತ್ತಲ್ಲ" ಅಂದರು ಅಪ್ಪ. ಬರುತ್ತಿತ್ತು, ಯಾಕೆಂದರೆ ಆಗ ಟೀವಿ, ರೂಟರ್ ಇರಲಿಲ್ಲ, ಫ್ಯಾನ್ ಇನ್ವರ್ಟರ್ ಲೈನಲ್ಲೇ ಇರಲಿಲ್ಲ. ಲೋಡ್ ಅರ್ಧ ಆದರೆ, ಅಂದರೆ 21 ಆಂಪಿಗೆ, ಅದೇ ಸೂತ್ರ 5.8 ಗಂಟೆ ಕೊಡುತ್ತೆ. ಅರ್ಧ ಲೋಡಿಗೆ ಎರಡು ಪಟ್ಟಿಗಿಂತ ಜಾಸ್ತಿ ಹೊತ್ತು.

ನೀರು, ಮತ್ತು ನನ್ನ ಪೆದ್ದುತನ

ಮುಚ್ಚಳ ತೆಗೆದು ನೋಡಿದರೆ ಆರು ಸೆಲ್ಲಲ್ಲಿ ಎರಡರ ಫ್ಲೋಟ್ ಕೆಂಪು ಗೆರೆಯ ಕೆಳಗೆ ಹೋಗಿತ್ತು. ಏನು ನೀರು ಹಾಕ್ತಿದ್ರಿ ಅಂತ ಕೇಳಿದೆ. "ಮಳೆ ನೀರು. ಅದಕ್ಕಿಂತ ಶುದ್ಧ ಯಾವುದಿದೆ?" ಮಳೆ ನೀರು ಶುದ್ಧವೇ, ಆದರೆ ಅಪ್ಪ ಹಿಡಿದಿದ್ದು ಹೆಂಚಿನ ಸೂರಿನಿಂದ ಇಳಿದ ನೀರು, ಅದೂ ತಗಡಿನ ಡಬ್ಬಿಯಲ್ಲಿ. ಪಾಚಿ, ಧೂಳು, ಕಬ್ಬಿಣದ ತುಕ್ಕು ಎಲ್ಲ ಸೇರಿದ ತೀರ್ಥ. ಬ್ಯಾಟರಿ ಒಳಗೆ ಕಬ್ಬಿಣ ಹೋದರೆ ಸುಮ್ನೆ ಕೂತಲ್ಲೇ ಚಾರ್ಜ್ ಸೋರುತ್ತೆ. ಹಾಕಿದ್ದನ್ನು ತೆಗೆಯಲಿಕ್ಕೆ ಬರಲ್ಲ. ಇನ್ನು ಮುಂದೆ ಡಿಸ್ಟಿಲ್ಡ್ ವಾಟರ್ ಮಾತ್ರ, ಆಸಿಡ್ ಅಂತೂ ಯಾವತ್ತೂ ಹಾಕಬಾರದು ಅಂತ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದೆ.

ಎಲ್ಲ ಸೆಲ್ಲಿಗೂ ನೀರು ತುಂಬಿ, ಆತುರಕ್ಕೆ ಆಗಲೇ ಹೈಡ್ರೋಮೀಟರ್ ಅದ್ದಿದೆ. 1.150! ಇನ್ನೊಂದರಲ್ಲಿ 1.160. (ಬರೀ ನೀರಿಗೆ 1.000. ಚಾರ್ಜ್ ಜಾಸ್ತಿ ಇದ್ದಷ್ಟೂ ಆಸಿಡ್ ಗಟ್ಟಿ, ಸಂಖ್ಯೆಯೂ ಜಾಸ್ತಿ.) ಎದೆ ಧಸಕ್ ಅಂತು, ಬ್ಯಾಟರಿ ಸತ್ತೇ ಹೋಗಿದೆ ಅಂತ ಅಪ್ಪನಿಗೆ ಹೇಳಿಯೂ ಬಿಟ್ಟೆ. ಊಟಕ್ಕೆ ಕೂತಾಗ ಹೊಳೆಯಿತು. ಈಗಷ್ಟೇ ಹಾಕಿದ ನೀರು ಹಗುರ, ಮೇಲೇ ನಿಂತಿದೆ, ನಾನು ಅಳೆದಿದ್ದು ಅದನ್ನೇ. ಚಾರ್ಜ್ ಆಗುವಾಗ ಗುಳ್ಳೆ ಎದ್ದು ಕಲಸಿದ ಮೇಲೆ ಅಳೆಯಬೇಕು.

ರಾತ್ರಿ ಪೂರಾ ಚಾರ್ಜ್. ಭಾನುವಾರ ಬೆಳಿಗ್ಗೆ ವೈರ್ ಬಿಚ್ಚಿ, ಸಂಜೆ ತನಕ ಹಾಗೇ ಬಿಟ್ಟು ಅಳೆದೆ. ಒಂದರಿಂದ ಆರರ ತನಕ: 1.235, 1.240, 1.235, 1.190, 1.240, 1.230. ನಾಲ್ಕನೇ ಸೆಲ್ ಹಿಂದೆ ಬಿದ್ದಿದೆ.

ಇಲ್ಲಿ ಒಂದು ಗೊಂದಲ ಬಗೆಹರಿಸಬೇಕು. ಯಾವ ಪಟ್ಟಿ ನೋಡಿದರೂ ತುಂಬಿದ ಬ್ಯಾಟರಿ 12.7 ವೋಲ್ಟ್ ಅಂತ ಇರುತ್ತೆ. ಅದು 1.280 ಆಸಿಡ್ ಇರುವ ಕಾರ್ ಬ್ಯಾಟರಿಯ ಮಾತು. ನಮ್ಮ ಕಡೆಯ ಇನ್ವರ್ಟರ್ ಟ್ಯೂಬುಲರ್‌ಗಳಿಗೆ 1.240 ಸುತ್ತಮುತ್ತಲ ಆಸಿಡ್ ತುಂಬುತ್ತಾರೆ, ಸೆಕೆಯ ಊರಲ್ಲಿ ತೆಳು ಆಸಿಡ್ ಇದ್ದರೆ ಬಾಳಿಕೆ ಜಾಸ್ತಿ. ಸೆಲ್ಲಿನ ವೋಲ್ಟ್ ಬೇಕಾದರೆ ಹೈಡ್ರೋಮೀಟರ್ ಸಂಖ್ಯೆಗೆ 0.84 ಕೂಡಿಸಿ. 1.240ಕ್ಕೆ 2.08, ಆರು ಸೆಲ್ಲಿಗೆ 12.48. ಅಂದರೆ ನಮ್ಮ ಬ್ಯಾಟರಿ ಪೂರ್ತಿ ತುಂಬಿದರೂ ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ 12.5 ದಾಟಲ್ಲ. ನನ್ನ ಆರು ಸಂಖ್ಯೆಗಳನ್ನು ಹಾಗೆ ಕೂಡಿದರೆ 12.41 ಬರುತ್ತೆ, ಮಲ್ಟಿಮೀಟರ್ 12.40 ತೋರಿಸಿತು. ಇಷ್ಟು ಕರಾರುವಾಕ್ಕಾಗಿ ಕೂಡಿದ್ದಕ್ಕೆ ನನಗೇ ಖುಷಿ ಆಯಿತು.

ಹೊರಡುವ ಮೊದಲು ಇನ್ನೊಂದು ಲೆಕ್ಕ ಕಾಡುತ್ತಿತ್ತು. ವೈರ್ ವಾಪಸ್ ಹಾಕಿ ಪೂರಾ ಲೋಡ್ ಕೊಟ್ಟಾಗ ಒಂದು ಗಂಟೆ ಐದು ನಿಮಿಷಕ್ಕೇ ಇನ್ವರ್ಟರ್ ಕೂಗಿತು. ಒಂದು ಸೆಲ್ ಸ್ವಲ್ಪ ಹಿಂದಿದ್ದರೆ ಇಷ್ಟು ಕಮ್ಮಿ ಆಗುತ್ತಾ? ಲೋಡ್ ಇರುವಾಗಲೇ ಎರಡು ಕಡೆ ವೋಲ್ಟ್ ಅಳೆದೆ. ಬ್ಯಾಟರಿಯ ಸೀಸದ ಕಂಬದ ಮೇಲೆ 11.1, ಇನ್ವರ್ಟರ್ ಒಳಗೆ ವೈರ್ ಸೇರುವ ಕಡೆ 10.5. ಮಧ್ಯದಲ್ಲಿ 0.6 ವೋಲ್ಟ್ ಮಾಯ! ಪಾಸಿಟಿವ್ ಟರ್ಮಿನಲ್ ಮೇಲೆ ಹಸಿರು ಬಿಳಿ ಪುಡಿ ಬೆಳೆದಿತ್ತು, ಅದರ ಕೆಳಗೆ ಲಗ್ (ವೈರಿನ ತುದಿಯ ಲೋಹದ ಬಳೆ) ಸರಿಯಾಗಿ ತಾಗುತ್ತಲೇ ಇರಲಿಲ್ಲ. ಬ್ಯಾಟರಿ ಖಾಲಿ ಅಂತ ಇನ್ವರ್ಟರ್ ತೀರ್ಮಾನ ಮಾಡುವುದು ತನ್ನ ಬಾಗಿಲಲ್ಲಿ ಕಂಡ ವೋಲ್ಟ್ ನೋಡಿ. ಬಿಸಿ ನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಹಲ್ಲುಜ್ಜುವ ಬ್ರಶ್‌ನಲ್ಲಿ ತಿಕ್ಕಿ ತೊಳೆದೆ. ಲಗ್ಗನ್ನು ಮರಳು ಕಾಗದದಲ್ಲಿ ಉಜ್ಜಿ ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದೆ. ಈಗ ನಡುವಿನ ವ್ಯತ್ಯಾಸ 0.15 ವೋಲ್ಟ್. ಈ ಕೆಲಸಕ್ಕೆ ಆದ ಖರ್ಚು ಸೊನ್ನೆ, ನನ್ನ ಒಂದು ಬನಿಯನ್ನಿಗೆ ಆಸಿಡ್ ತೂತು ಬಿದ್ದಿದ್ದು ಬಿಟ್ಟರೆ.

ಖಾಲಿ ಮಾಡಿ ನೋಡುವ ಪರೀಕ್ಷೆ

ಮುಂದಿನ ಶನಿವಾರ. ಬ್ಯಾಟರಿಯಲ್ಲಿ ನಿಜಕ್ಕೂ ಎಷ್ಟಿದೆ ಅಂತ ತಿಳಿಯಲು ನೆಚ್ಚಬಹುದಾದ ಒಂದೇ ದಾರಿ: ತುಂಬಿಸಿ, ಗೊತ್ತಿರುವ ಲೋಡಲ್ಲಿ ಖಾಲಿ ಮಾಡಿ, ಗಡಿಯಾರ ನೋಡುವುದು. ಇನ್ವರ್ಟರ್ ಬಿಚ್ಚಿಟ್ಟು ಮೂರು ಹೆಡ್‌ಲೈಟ್ ಬಲ್ಬಿನ ಒಳಗಿನ ಒಂದೊಂದು ಫಿಲಮೆಂಟ್ ಮಾತ್ರ ಉರಿಯುವ ಹಾಗೆ ನೇರ ಬ್ಯಾಟರಿಗೆ ಹಾಕಿದೆ, ನಡುವೆ ಒಂದು ಫ್ಯೂಸ್ ಇಟ್ಟು. ಬಲ್ಬ್ ಕೈ ಸುಡುವಷ್ಟು ಬಿಸಿ ಆಗುತ್ತೆ, ಹಾಗಾಗಿ ಹೆಂಚಿನ ಮೇಲೆ ಇಟ್ಟೆ. ಶುರುವಿಗೆ 14.2 ಆಂಪ್. ಅರ್ಧ ಗಂಟೆಗೊಮ್ಮೆ ಆಂಪ್, ವೋಲ್ಟ್ ಎರಡೂ ಬರೆದುಕೊಂಡೆ. ವೋಲ್ಟ್ ಇಳಿದಂತೆ ಆಂಪೂ ಇಳಿಯುತ್ತೆ, ಶುರುವಿನ ಆಂಪನ್ನೇ ಹಿಡಿದು ಗುಣಿಸಿದರೆ ಲೆಕ್ಕ ಜಾಸ್ತಿ ಬರುತ್ತೆ.

ಪರೀಕ್ಷೆಯ ನಡುವೆ ಕರೆಂಟ್ ಹೋಯಿತು. ಹೋಗದೇ ಇರುತ್ತಾ! ಇನ್ವರ್ಟರ್ ಬಿಚ್ಚಿಟ್ಟಿದೆ, ಮನೆ ತುಂಬ ಕತ್ತಲು, ಮೂಲೆಯಲ್ಲಿ ಮಾತ್ರ ಮೂರು ಹೆಡ್‌ಲೈಟ್ ಉರಿಯುತ್ತಿವೆ. ಅಮ್ಮ ತರಕಾರಿ ಬುಟ್ಟಿ, ಮೆಟ್ಟುಗತ್ತಿ ತಂದು ಅಲ್ಲೇ ಕೂತಳು. "ಇದೇ ಚೆನ್ನಾಗಿದೆ, ದಿನಾ ಇದನ್ನೇ ಇಡೋ" ಅಂದಳು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಎರಡು ಒದ್ದೆ ಟವೆಲೂ ಬಂದವು.

ಐದು ಗಂಟೆಯ ತನಕ ವೋಲ್ಟ್ ನಿಧಾನಕ್ಕೆ ಇಳಿಯಿತು. ಆಮೇಲೆ 11.4ರಿಂದ 10.5ಕ್ಕೆ ಧಡಕ್ಕನೆ ಬಿತ್ತು. ಹೀಗೆ ಒಮ್ಮೆಲೇ ಬಿದ್ದರೆ ಎಲ್ಲ ಸೆಲ್ ಒಟ್ಟಿಗೆ ಖಾಲಿ ಆಗಿಲ್ಲ, ಒಂದು ಮಾತ್ರ ಕೈಕೊಟ್ಟಿದೆ ಅಂತ ಅರ್ಥ. ಹೈಡ್ರೋಮೀಟರ್ ಹಾಕಿದರೆ ಐದು ಸೆಲ್ಲಲ್ಲಿ 1.150 ಆಸುಪಾಸು, ನಾಲ್ಕನೇದರಲ್ಲಿ 1.080. ಸಾಲಲ್ಲಿ ನಿಂತ ಆರು ಜನರಲ್ಲಿ ಒಬ್ಬ ಕುಸಿದರೆ ಹೊರೆ ಅಲ್ಲೇ ನಿಲ್ಲುತ್ತೆ.

ಒಟ್ಟು ಸಮಯ 5 ಗಂಟೆ 45 ನಿಮಿಷ, ಸರಾಸರಿ 13.8 ಆಂಪ್. ಗುಣಿಸಿದರೆ 79 ಎಎಚ್. ಇದನ್ನು 150ಕ್ಕೆ ಹೋಲಿಸಿದರೆ ತಪ್ಪು. 13.8 ಆಂಪಿಗೆ ಹೊಸ ಬ್ಯಾಟರಿ ಎಷ್ಟು ಕೊಡುತ್ತಿತ್ತು ಅನ್ನುವುದಕ್ಕೆ ಹೋಲಿಸಬೇಕು. ಪ್ಯೂಕರ್ಟ್ ಲೆಕ್ಕದಲ್ಲಿ ಅದು 9.6 ಗಂಟೆ, 133 ಎಎಚ್. 79 ಭಾಗಿಸು 133 ಅಂದರೆ ನೂರಕ್ಕೆ 59. ಬ್ಯಾಟರಿ 80ಕ್ಕಿಂತ ಕೆಳಗೆ ಬಂದರೆ ಬದಲಿಸಿ ಅಂತ ತಯಾರಕರು ಹೇಳುತ್ತಾರೆ. ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳೇನಲ್ಲ.

ಆದರೂ ಬಿಡಲಿಕ್ಕೆ ಮನಸ್ಸಾಗಲಿಲ್ಲ. ಊರಿನ ಟ್ರ್ಯಾಕ್ಟರ್ ಗ್ಯಾರೇಜಿಂದ ಆಂಪ್ ಕಮ್ಮಿ ಜಾಸ್ತಿ ಮಾಡಬಹುದಾದ ಚಾರ್ಜರ್ ಎರವಲು ತಂದೆ. ಮೊದಲು ಮಾಮೂಲಿ ಚಾರ್ಜ್. ಖಾಲಿ ಮಾಡಿದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತೆ, ಆ ರಾತ್ರಿಯೇ ಹಾಕಬೇಕು. ತುಂಬಿದ ಮೇಲೂ ನಿಲ್ಲಿಸದೆ ಸಣ್ಣಗೆ 5 ಆಂಪಲ್ಲಿ ಮುಂದುವರಿಸಿದೆ. ಚೆನ್ನಾಗಿರುವ ಐದು ಸೆಲ್ ಸುಮ್ನೆ ಗುಳ್ಳೆ ಬಿಡುತ್ತಿರುತ್ತವೆ, ಹಿಂದೆ ಬಿದ್ದಿದ್ದು ಅಷ್ಟರಲ್ಲಿ ತುಂಬಿಕೊಳ್ಳುತ್ತೆ. ವೋಲ್ಟ್ 15.8ರ ತನಕ ಏರಿತು, ಅದಕ್ಕೇ ಇನ್ವರ್ಟರ್ ಬಿಚ್ಚಿಡಬೇಕಾಗಿದ್ದು. ಆ ಗುಳ್ಳೆಯಲ್ಲಿ ಹೈಡ್ರೋಜನ್ ಇರುತ್ತೆ. ಕಿಟಕಿ ಎಲ್ಲ ತೆಗೆದಿಟ್ಟು, ದೀಪ ಹಚ್ಚುವ ಜಾಗ ಹತ್ತಿರ ಇಲ್ಲ ಅಂತ ನೋಡಿ, ಬೀಡಿ ಸೇದುವ ಪಕ್ಕದ ಮನೆ ಅಣ್ಣನನ್ನು ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸಿದೆ. ಬ್ಯಾಟರಿ ಮೈ ಮುಟ್ಟಿ ನೋಡುತ್ತಿರಬೇಕು, ಬೆಚ್ಚಗೆ ಇದ್ದರೆ ಸರಿ, ಕೈ ಇಡಲಾರದಷ್ಟು ಬಿಸಿ ಆದರೆ ನಿಲ್ಲಿಸಬೇಕು. ಗಂಟೆಗೊಮ್ಮೆ ಅಳೆದು, ಮೂರು ಸಲ ಒಂದೇ ಸಂಖ್ಯೆ ಬಂದ ಮೇಲೆ ಆಫ್ ಮಾಡಿದೆ. ನಡುವೆ ಎರಡು ಸಲ ಕರೆಂಟ್ ಹೋಗಿದ್ದು ಸೇರಿ ಸೋಮವಾರ ಬೆಳಿಗ್ಗೆ ತನಕ ಎಳೆಯಿತು, ಆಫೀಸಿಗೆ ಒಂದು ರಜೆ. ನಾಲ್ಕನೇ ಸೆಲ್ 1.190ರಿಂದ 1.215ಕ್ಕೆ ಬಂತು. ಅದಕ್ಕಿಂತ ಮೇಲೆ ಏರಲಿಲ್ಲ.

ಮೂರನೇ ಶನಿವಾರ ಅದೇ ಪರೀಕ್ಷೆ ಮತ್ತೆ. 6 ಗಂಟೆ 50 ನಿಮಿಷ, ಸರಾಸರಿ 13.7 ಆಂಪ್, 94 ಎಎಚ್ ಹತ್ತಿರ. ನೂರಕ್ಕೆ 70. ಪವಾಡ ಅಲ್ಲ, ಆದರೆ ಬಿಸಾಡುವಂಥದ್ದೂ ಅಲ್ಲ. ಹೀಗೆ ಪೂರ್ತಿ ಖಾಲಿ ಮಾಡುವುದು ಬ್ಯಾಟರಿಗೆ ಒಳ್ಳೆಯದಲ್ಲ. ಪರೀಕ್ಷೆ ಅಂತ ತಿಂಗಳಿಗೊಮ್ಮೆ ಮಾಡಬೇಡಿ, ವರ್ಷಕ್ಕೊಮ್ಮೆ ಸಾಕು.

ಈಗ 405 ವ್ಯಾಟ್ ಲೋಡಿಗೆ ಎಷ್ಟು ಬರುತ್ತೆ? 2.53 ಗಂಟೆಯ ನೂರಕ್ಕೆ 70, ಸುಮಾರು ಒಂದು ಗಂಟೆ ಮುಕ್ಕಾಲು. ಸಾಲದು. ಹೊಸ ಬ್ಯಾಟರಿಗೆ ಕೊಡುವ ದುಡ್ಡನ್ನು ಬೇರೆ ಕಡೆ ಹಾಕಿದರೆ ಹೇಗೆ ಅಂತ ಅಪ್ಪನ ಹತ್ತಿರ ಕೂತು ಲೆಕ್ಕ ಮಾಡಿದೆ. ಮೂರು ಟ್ಯೂಬಿನ ಜಾಗಕ್ಕೆ 20 ವ್ಯಾಟಿನ ಎಲ್‌ಇಡಿ ಪಟ್ಟಿ, ಎರಡು ಫ್ಯಾನಿನ ಜಾಗಕ್ಕೆ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್. ಒಟ್ಟು 405ರಿಂದ 225ಕ್ಕೆ ಇಳಿಯಿತು. ಬ್ಯಾಟರಿಯಿಂದ 23 ಆಂಪ್ ಆಗುತ್ತೆ. ಹೊಸದಾಗಿದ್ದರೆ 5.2 ಗಂಟೆ, ನೂರಕ್ಕೆ 70 ಅಂದರೆ 3 ಗಂಟೆ 39 ನಿಮಿಷ. ಹಾಕಿಸಿ ಗಡಿಯಾರ ಇಟ್ಟು ನೋಡಿದಾಗ 3 ಗಂಟೆ 25 ನಿಮಿಷ ಬಂತು. ಸೂತ್ರ ಹೊಸ ಬ್ಯಾಟರಿಗೆ ಅಂತ ಮಾಡಿದ್ದು, ಹಳೇದಕ್ಕೆ ಇಷ್ಟು ಹತ್ತಿರ ಬಂದಿದ್ದೇ ಹೆಚ್ಚು. ಅಮ್ಮನ ಬಟ್ಟೆಗೂ ಗಾಳಿ ಸಿಗುತ್ತೆ. ಕರೆಂಟ್ ಬಿಲ್ ಕಮ್ಮಿ ಆಗಿದ್ದು ಲಾಭ.

ರೂಟರಿಗೆ ಬೇರೆ ಪೆಟ್ಟಿಗೆ

ರಾತ್ರಿ ಎಲ್ಲರೂ ಮಲಗಿದ ಮೇಲೂ ರೂಟರ್ ಉರಿಯಬೇಕು. ನಮ್ಮ ಹಳ್ಳಿಯಲ್ಲಿ ಮೊಬೈಲ್ ಸಿಗ್ನಲ್ ಬರಲ್ಲ, ಫೋನ್ ಮಾಡಲಿಕ್ಕೂ ವೈಫೈಯೇ ಗತಿ. ಆದರೆ 15 ವ್ಯಾಟ್ ರೂಟರಿಗಾಗಿ ಇನ್ವರ್ಟರ್ ಆನ್ ಇಟ್ಟರೆ ಅದು ತನ್ನದೇ 15 ವ್ಯಾಟ್ ತಿನ್ನುತ್ತೆ. ಬ್ಯಾಟರಿಯ 12 ವೋಲ್ಟನ್ನು 230ಕ್ಕೆ ಏರಿಸಿ, ಅಡಾಪ್ಟರಿನಲ್ಲಿ ಮತ್ತೆ 12ಕ್ಕೆ ಇಳಿಸುವುದು. ಏನು ಚೆಂದ?

ಹಾಗಾಗಿ ಬೆಂಗಳೂರಲ್ಲಿ ವಾರದ ಸಂಜೆಗಳಲ್ಲಿ ಸಣ್ಣ ಪ್ಯಾಕ್ ಕಟ್ಟಿದೆ. ಲಿಥಿಯಂ ಐರನ್ ಫಾಸ್ಫೇಟ್, 32700 ಸೈಜಿನ ಎಂಟು ಸೆಲ್, ಬೋಲ್ಟ್ ಹಾಕುವಂಥದ್ದು. ಮೇಲೆ ಬರೆದಿದ್ದು 3.2 ವೋಲ್ಟ್, 6000 ಎಂಎಎಚ್. ಬರೆದಿದ್ದನ್ನು ನಂಬುವ ಕಾಲ ಮುಗಿದಿತ್ತು, ಒಂದೊಂದನ್ನೂ 3.65ರ ತನಕ ತುಂಬಿ, 2.5ರ ತನಕ ಖಾಲಿ ಮಾಡಿ ಅಳೆದೆ. ವೋಲ್ಟ್ ನೋಡಿ ಅಂದಾಜು ಮಾಡುತ್ತೇನೆ ಅನ್ನುವವರು ಇಲ್ಲಿ ಸೋಲುತ್ತಾರೆ. ಈ ಸೆಲ್ ಬಹುಪಾಲು ಹೊತ್ತು 3.3ರಿಂದ 3.2ರ ನಡುವೆಯೇ ಕೂತಿರುತ್ತೆ, ತುಂಬಿದೆಯೋ ಅರ್ಧ ಇದೆಯೋ ಹೇಳುವುದಿಲ್ಲ. ಬಂದ ಸಂಖ್ಯೆ: 5820, 5790, 5760, 5740, 5710, 5650, 5180, 5060. ಒಂದೂ 6000 ಮುಟ್ಟಲಿಲ್ಲ.

ಎರಡೆರಡನ್ನು ಪಕ್ಕಪಕ್ಕ ಜೋಡಿಸಿದರೆ ಎಎಚ್ ಕೂಡುತ್ತೆ. ಅಂಥ ನಾಲ್ಕು ಜೋಡಿಯನ್ನು ಸಾಲಾಗಿ ಇಟ್ಟರೆ ವೋಲ್ಟ್ ಕೂಡುತ್ತೆ, ಆದರೆ ಎಎಚ್ ಮಾತ್ರ ಬಡಕಲು ಜೋಡಿಯದ್ದೇ. ಹಾಗಾಗಿ 5180 ಮತ್ತು 5060 ಒಟ್ಟಿಗೆ ಇಟ್ಟರೆ 10.24 ಎಎಚ್ಚಿಗೆ ಇಡೀ ಪ್ಯಾಕ್ ನಿಲ್ಲುತ್ತೆ. ಗಟ್ಟಿಗೆ ಬಡಕಲನ್ನು ಕಟ್ಟಿದೆ: 5820ಕ್ಕೆ 5060, 5790ಕ್ಕೆ 5180. ಈಗ ಎಲ್ಲಕ್ಕಿಂತ ಕಮ್ಮಿ ಜೋಡಿ 10.88 ಎಎಚ್. 12.8 ವೋಲ್ಟಿಂದ ಗುಣಿಸಿದರೆ 139 ವ್ಯಾಟ್ ಅವರ್. ಹೆಸರಿಗೆ 12 ಎಎಚ್ ಪ್ಯಾಕ್, 154 ಇರಬೇಕಿತ್ತು.

ತುಂಬಿದಾಗ ಪ್ಯಾಕ್ 14.6 ವೋಲ್ಟಿಗೆ ಹೋಗುತ್ತೆ, ರೂಟರಿಗೆ ಅದನ್ನು ನೇರ ಕೊಡುವ ಧೈರ್ಯ ಆಗಲಿಲ್ಲ. ನಡುವೆ ಏರಿಸಿ ಇಳಿಸಿ 12 ವೋಲ್ಟಲ್ಲೇ ನಿಲ್ಲಿಸುವ ಒಂದು ಮಾಡ್ಯೂಲ್, ಜೊತೆಗೆ ನಾಲ್ಕು ಸೆಲ್ಲಿನ ಬಿಎಂಎಸ್ (ಸೆಲ್ ಅತಿಯಾಗಿ ತುಂಬದಂತೆ, ಅತಿಯಾಗಿ ಖಾಲಿ ಆಗದಂತೆ ಕಾಯುವ ಸರ್ಕ್ಯೂಟ್), 5 ಆಂಪ್ ಫ್ಯೂಸ್. ಮಾಡ್ಯೂಲ್ ನೂರಕ್ಕೆ ಹತ್ತು ತಿಂದರೆ 125 ವ್ಯಾಟ್ ಅವರ್ ಉಳಿಯಿತು. ರೂಟರ್ ಮತ್ತು ಪೆಟ್ಟಿಗೆ 230 ವೋಲ್ಟ್ ಕಡೆ 15 ವ್ಯಾಟ್ ಅಂದರೂ 12 ವೋಲ್ಟ್ ಕಡೆ ಅಳೆದಾಗ 1.1 ಆಂಪ್, 13.2 ವ್ಯಾಟ್ ಅಷ್ಟೇ. ಲೆಕ್ಕಕ್ಕೆ 9.5 ಗಂಟೆ, ನಿಜಕ್ಕೆ 9 ಗಂಟೆ 20 ನಿಮಿಷ ಬಂತು. ಪ್ಲಾಸ್ಟಿಕ್ ತಿಂಡಿ ಡಬ್ಬಿಯಲ್ಲಿ ಕೂರಿಸಿದ್ದೇನೆ, ನೋಡಲಿಕ್ಕೆ ಚಕ್ಕುಲಿ ಡಬ್ಬಿ ಥರಾನೇ ಇದೆ.

ಇದನ್ನೆಲ್ಲ ನೋಡುತ್ತಾ ಕೂತಿದ್ದ ಅಕ್ಕನ ಮಗ ತನ್ನ 20,000 ಎಂಎಎಚ್ ಪವರ್ ಬ್ಯಾಂಕ್ ತಂದು "ಮಾಮ, ಇದು 5000ದ ಫೋನನ್ನು ನಾಲ್ಕು ಸಲ ತುಂಬಿಸಬೇಕಲ್ವಾ, ಮೂರನೇ ಸಲಕ್ಕೇ ಉಸಿರು ಬಿಡುತ್ತೆ, ಮೋಸ" ಅಂದ. ಆ 20,000 ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ, ಅಂದರೆ 74 ವ್ಯಾಟ್ ಅವರ್. ಹೊರಗೆ ಬರುವಾಗ ನೂರಕ್ಕೆ 85 ಹಿಡಿದರೆ 63. ಫೋನಿನ ಬ್ಯಾಟರಿ 19 ಚಿಲ್ಲರೆ ವ್ಯಾಟ್ ಅವರ್, ಫೋನ್ ತುಂಬುವಾಗಲೂ ಸ್ವಲ್ಪ ಬಿಸಿಯಾಗಿ ಹೋಗುತ್ತೆ. ಮೂರು ಸಲ ಬಂದರೆ ಅದು ಒಳ್ಳೆಯ ಪವರ್ ಬ್ಯಾಂಕ್ ಕಣೋ ಅಂದೆ. ಅವನಿಗೆ ಅಷ್ಟು ಸಮಾಧಾನ ಆದಂತೆ ಕಾಣಲಿಲ್ಲ.

ಸೆಪ್ಟೆಂಬರಲ್ಲಿ ಮತ್ತೆ ಹೋದಾಗ ನಾಲ್ಕನೇ ಸೆಲ್ 1.205. ಹತ್ತು ಪಾಯಿಂಟ್ ಇಳಿದಿದೆ, ಉಳಿದವು ಇದ್ದಲ್ಲೇ ಇವೆ. ಅಪ್ಪ ಈಗ ಹೈಡ್ರೋಮೀಟರ್ ಕೈಗೆ ತಗೊಂಡಿದ್ದಾರೆ, ಪ್ರತಿ ಹುಣ್ಣಿಮೆಗೆ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಆರು ಸಂಖ್ಯೆ ಬರೆಯುತ್ತಾರೆ, ಹಾಲಿನ ಲೆಕ್ಕದ ಪಕ್ಕದಲ್ಲೇ. ದೀಪಾವಳಿಗೆ ಹೋದಾಗ ಆ ಗ್ಯಾರೇಜ್ ಚಾರ್ಜರ್ ಇನ್ನೊಮ್ಮೆ ತರಬೇಕು.